ಸುಲೋಚನಮ್ಮ ಕಡೆದ ವಾಲ್ವು

ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರೂ ತಾಲ್ಲೂಕಿನಲ್ಲಿ ನಾನು ಬಿಗಿ ಮಾಡಿದ ಬೋಲ್ಟನ್ನು ಬಿಚ್ಚಬಲ್ಲವರು ಇನ್ನೂ ಹುಟ್ಟಿಲ್ಲ. ಸ್ಪ್ಯಾನರಿನ ಬಾಲಕ್ಕೆ ಒಂದು ಮೊಳ ಪೈಪು ಸಿಕ್ಕಿಸಿ, ಉಸಿರು ಕಟ್ಟಿ ನಾನು ಜಗ್ಗಿದರೆ ಬೋಲ್ಟು ‘ಅಯ್ಯೋ’ ಅನ್ನಬೇಕು. ಅಂದ ಮೇಲೂ ಕಾಲು ಸುತ್ತು ಹಾಕುವವನು ನಾನು. ಒಮ್ಮೆ ನಾನು ಕೂರಿಸಿದ ಪಂಪ್‌ಸೆಟ್ಟನ್ನು ಬಿಚ್ಚಲಾಗದ ಕಳ್ಳರು ಬಾವಿಯನ್ನೇ ಹೊತ್ತೊಯ್ಯಲು ನೋಡಿ, ಬೆಳಗಾಯಿತೆಂದು ಬಿಟ್ಟು ಹೋದರು.

ಇದನ್ನು ಜಂಬಕ್ಕೆ ಬರೆದದ್ದಲ್ಲ. ನನ್ನ ತಮ್ಮ ಈರಣ್ಣನ ಹೆಂಡತಿ ಸುಲೋಚನಮ್ಮನ ವಿಷಯ ಹೇಳಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು.

ಸುಲೋಚನಮ್ಮನಿಗೆ ಐವತ್ತೆಂಟು. ಅಜ್ಜಂಪುರದ ಪಕ್ಕದ ನಮ್ಮೂರಿನಲ್ಲಿ ಅವಳಿಗೆ ನಾಲ್ಕು ಎಮ್ಮೆ, ಒಂದು ಕಡೆಗೋಲು, ಒಂದು ಬೈಕು. ಈರಣ್ಣನ ಮಾತು ಕೇಳುವಂಥದ್ದು ಇವುಗಳಲ್ಲಿ ಯಾವುದೂ ಇಲ್ಲ. ಅವನು ಸೈಕಲ್ ಬೆಲ್ಲಿಗೇ ಬೇಲಿ ಹಾರುವ ಗಂಡಸು. ಹಾಗಾಗಿ ಇಪ್ಪತ್ತೆರಡು ವರ್ಷದಿಂದ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬೈಕು ಹತ್ತಿ, ಬೆಳಿಗ್ಗೆ ಆರೂವರೆಗೆಲ್ಲ ಬೀರೂರಿನ ಓಂಕಾರೇಶನ ಹೋಟೆಲಿಗೆ ಬೆಣ್ಣೆ ಮುಟ್ಟಿಸುವವಳು ಅವಳೇ. ಆ ಬೆಣ್ಣೆ ಕಾವಲಿಗೆ ಬಿದ್ದರೆ ಜಂಕ್ಷನ್ನಿನಲ್ಲಿ ನಿಂತ ರೈಲಿನ ಗಾರ್ಡು ಹಸಿರು ಬಾವುಟ ಮರೆಯುತ್ತಾನೆ. ರೈಲಿನಲ್ಲೇ ಒಯ್ಯಬಾರದೇ ಅಂತ ಕೇಳಬೇಡಿ. ರೈಲು ಅದರ ಟೈಮಿಗೆ ಬರುತ್ತದೆ, ದೋಸೆ ತಿನ್ನುವವರು ಅವರ ಟೈಮಿಗೆ.

ಮೊನ್ನೆ ಮಾಘ ಕಳೆದ ಮೇಲೆ ಬೈಕು ಏದುಸಿರು ಬಿಡತೊಡಗಿತು. ಇಂಜಿನ್ನಿನ ನೆತ್ತಿಯಲ್ಲಿ ‘ಚುಸ್ ಚುಸ್’. ರೈಲ್ವೆ ಗೇಟಿನ ದಿಬ್ಬ ಹತ್ತಲಾರದೆ ಹಿಂದಕ್ಕೆ ಜಾರುತ್ತಿತ್ತು. ಅದನ್ನು ಟೆಂಪೋಗೆ ಹಾಕಿ ನಾನೂ ಅವಳೂ ಕಡೂರಿನ ಒಂದು ಶೋರೂಮಿಗೆ ಒಯ್ದೆವು. ಇಸ್ತ್ರಿ ಅಂಗಿಯ ಹುಡುಗನೊಬ್ಬ ಬಂದು, ಮೂರು ಮಾರು ದೂರ ನಿಂತು ನೋಡಿದ.

“ಅಜ್ಜೀ, ಇದ್ರ ಹೆಡ್ ಹೋಗಿದೆ. ಪಾರ್ಟ್ಸ್ ಬರೋದೇ ನಿಂತೋಗಿದೆ. ಎಕ್ಸ್‌ಚೇಂಜಿಗೆ ಹಾಕಿ, ಹೊಸ ಸ್ಕೂಟರ್ ತಗೊಳ್ಳಿ.”

“ಬಿಚ್ಚಿ ನೋಡ್ದೇನಪ್ಪಾ?”

“ಬಿಚ್ಚೋದೇನಜ್ಜಿ, ವಯಸ್ಸು ನೋಡಿದ್ರೇ ಗೊತ್ತಾಗುತ್ತೆ.”

“ಯಾರ್ ವಯಸ್ಸು? ನಂದೋ, ಗಾಡೀದೋ?”

ಹುಡುಗ ಫೋನು ನೋಡಿಕೊಂಡ. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಉಗುರಿನ ಸಂದಿಗೆ ಮಸಿ ಕೂರದವನು ಮೆಕ್ಯಾನಿಕ್ಕಂತೆ! ಇವನ ಕೈಗೆ ನಮ್ಮೂರ ಎಮ್ಮೆ ಕೊಟ್ಟರೆ, ಕೆಮ್ಮಿದ್ದು ಕೇಳಿಯೇ ‘ಎಕ್ಸ್‌ಚೇಂಜಿಗೆ ಹಾಕಿ’ ಅಂದಾನು. ಅಷ್ಟರಲ್ಲಿ ಓಂಕಾರೇಶನ ಫೋನು ಬಂತು.

“ಅಮ್ಮಾ, ಸೋಮವಾರದವರ್ಗೂ ಕಾಯ್ತೀನಿ. ಅವತ್ತೂ ಬರ್ಲಿಲ್ಲ ಅಂದ್ರೆ ಪ್ಯಾಕೆಟ್ ಬೆಣ್ಣೆಯವ್ರಿಗೆ ಹೂಂ ಅಂತೀನಿ. ಬೇಜಾರ್ ಮಾಡ್ಕೋಬೇಡಿ.”

ಅಂದು ಗುರುವಾರ. ಬೇರೆ ಗಿರಾಕಿ ಅವಳಿಗಿಲ್ಲ. ಅವಳು ಫೋನನ್ನು ಸೊಂಟಕ್ಕೆ ಸಿಕ್ಕಿಸಿ, “ನಡೀರಿ ಭಾವ, ಮನೇಲೇ ಬಿಚ್ಚಾನ” ಅಂದಳು.

ಬೀರೂರಿನಲ್ಲಿ ಅವಳ ಹಳೇ ಮೆಕ್ಯಾನಿಕ್ ಒಬ್ಬನಿದ್ದ. ಅವನು ರಿಪೇರಿ ಮಾಡುವಾಗ ಬೇರೆಯವರು ಟೀ ಕುಡಿಯಲು ಹೋದರೆ ಇವಳು ಎದುರಿಗೇ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು. ಈಗ ಅವನು ಅಂಗಡಿ ಮುಚ್ಚಿದ್ದಾನೆ. ನೋಡಿದ್ದು ಇವಳ ಕಣ್ಣಲ್ಲೇ ಉಳಿದಿದೆ. ಶುಕ್ರವಾರ ಜಗಲಿ ಮೇಲೆ ಗೋಣಿತಾಟು ಹಾಸಿದಳು. ಇಂಜಿನ್ನಿನೊಳಗಿನ ಸರಪಳಿಗೂ ಹಲ್ಲಿನ ಚಕ್ರಕ್ಕೂ, ಮತ್ತೆ ಅಲ್ಲಿಗೇ ಕೂರಬೇಕೆಂದು ಒಂದೊಂದು ಸುಣ್ಣದ ಬೊಟ್ಟು ಇಟ್ಟಳು. ಬಿಚ್ಚಿದ ಬೋಲ್ಟುಗಳನ್ನು ಇದ್ದ ಕ್ರಮದಲ್ಲೇ ಬಾಳೆದಿಂಡಿಗೆ ಚುಚ್ಚಿದಳು. ಇಂಜಿನ್ನಿನ ನೆತ್ತಿಯ ಹೆಡ್ಡನ್ನು ಹಿಡಿದ ನಾಲ್ಕರಲ್ಲಿ ಮೂರು ಬಂದವು. ನಾಲ್ಕನೆಯದು ‘ಟಕ್’ ಅಂತ ಅರ್ಧಕ್ಕೇ ಬಂತು. ಉಳಿದರ್ಧ ಇಂಜಿನ್ನಿನಲ್ಲೇ ಕೂತಿತು.

“ಕಂಪನಿಯವ್ರ ಕಳಪೆ ಮಾಲು!” ಅಂದೆ ನಾನು. “ಕಬ್ಬಿಣದಲ್ಲೂ ಕಲಬೆರಕೆ! ಕೇಳೋರಿಲ್ಲ, ಹೇಳೋರಿಲ್ಲ!”

ಅಜ್ಜಂಪುರದ ಲೇತ್ ಅಂಗಡಿಯ ಹೊನ್ನೇಶ ಡ್ರಿಲ್ಲು ಹಿಡಿದು ಮನೆಗೇ ಬಂದ. ಚೂರು ಕೊರೆದು ತೆಗೆದು, ಆ ಮೂಲೆಯಲ್ಲಿ ಸುಟ್ಟು ಕರಿಯಾಗಿದ್ದ, ಗಾಳಿ ಸೋರದಂತೆ ಹೆಡ್ಡಿನಡಿ ಹಾಸುವ ಗ್ಯಾಸ್ಕೆಟ್ ತೋರಿಸಿದ.

“ಯಾವನೋ ಪುಣ್ಯಾತ್ಮ ಸ್ಪ್ಯಾನರಿಗೆ ಪೈಪ್ ಹಾಕ್ಕೊಂಡು ಜಗ್ಗವ್ನೆ ಕಣಕ್ಕ. ಬೋಲ್ಟು ಅವತ್ತೇ ಸೀಳಿದೆ. ಇಲ್ಲಿಂದ ಗಾಳಿ ಸೋರಿ, ಕಾದು ಕಾದು ವಾಲ್ವಿನ ಅಂಚೂ ಹೋಗಿದೆ. ಅಂಥೋರ್ ಕೈಗೆ ಸ್ಪ್ಯಾನರ್ ಕೊಡಬಾರ್ದು.”

“ಕೊಡಬಾರ್ದು, ಜೈಲಿಗೆ ಹಾಕ್ಬೇಕು!” ಅಂದೆ, ಬೇಕಾದ್ದಕ್ಕಿಂತ ಜೋರಾಗಿ. ಕಳೆದ ಯುಗಾದಿಗೆ, ಎಣ್ಣೆ ಜಿನುಗುತ್ತದೆಯೆಂದು ಪೈಪು ತಂದವನು ಯಾರೆಂದು ಸುಲೋಚನಮ್ಮ ಕೇಳಲಿಲ್ಲ. ಮುರಿದ ತುಂಡನ್ನು ಎತ್ತಿ ಸೆರಗಿನ ಗಂಟಿಗೆ ಹಾಕಿಕೊಂಡಳು.

ಶನಿವಾರ ನಾನೇ ಬಸ್ಸು ಹತ್ತಿ ತರೀಕೆರೆಗೆ ಹೋದೆ. ಲೋಕದಲ್ಲೇ ಇಲ್ಲವೆಂದು ಶೋರೂಮಿನವನು ಹೇಳಿದ್ದ ಗ್ಯಾಸ್ಕೆಟ್ಟು, ಬೋಲ್ಟು ಎರಡೂ ಹಳೇ ಬಿಡಿಭಾಗದ ಅಂಗಡಿಯ ಅಟ್ಟದ ಮೇಲೆ ಜೇಡರಬಲೆ ಸಮೇತ ಕೂತಿದ್ದವು! ಹೊಸದನ್ನು ಮಾರಬೇಕೆಂದರೆ ಇದ್ದದ್ದನ್ನು ಸತ್ತಿದೆ ಅನ್ನಬೇಕೇ? ಬದುಕಿರುವ ಗಾಡಿಗೆ ತಿಥಿ ಮಾಡುವ ಜನ!

ಭಾನುವಾರ ವಾಲ್ವು ತಿಕ್ಕುವ ಕೆಲಸ. ವಾಲ್ವಿನ ಅಂಚಿಗೆ ಮರಳಿನಂಥ ಪೇಸ್ಟು ಬಳಿದು, ರಬ್ಬರಿನ ಬಾಯಿರುವ ಕೋಲನ್ನು ಅದಕ್ಕೆ ಅಂಟಿಸಿ, ಕೋಲನ್ನು ಅಂಗೈಗಳ ನಡುವೆ ಹೊಸೆಯಬೇಕು. ವಾಲ್ವು ಅದರ ಗುಣಿಯಲ್ಲಿ ಕೂದಲೆಳೆ ಸಂದಿಲ್ಲದೆ ಕೂರುವವರೆಗೆ. ಮೊದಲು ನಾನು ಹೊಸೆದೆ. ಹತ್ತೇ ನಿಮಿಷಕ್ಕೆ ಅಂಗೈಯಲ್ಲಿ ಕೆಮ್ಮಣ್ಣುಗುಂಡಿಯಷ್ಟು ಎತ್ತರದ ಬೊಬ್ಬೆ ಎದ್ದವು.

“ಏಳಿ ಭಾವ, ಹಂಗೆ ಅದುಮಿದ್ರೆ ಬೆಣ್ಣೆ ಬರಲ್ಲ.”

ಅವಳು ಕೂತಳು. ಆ ಕಡೆ ಅರ್ಧ ಸುತ್ತು, ಈ ಕಡೆ ಅರ್ಧ ಸುತ್ತು, ಒಮ್ಮೆ ಎತ್ತಿ, ತುಸು ತಿರುಗಿಸಿ, ಮತ್ತೆ. ಚಿಕ್ಕ ಗಡಿಗೆಯ ಮೊಸರು ಕಡೆದಂತೆ, ಕಣ್ಣು ಎಲ್ಲೋ, ಕಿವಿ ಕೋಲಿನ ಮೇಲೆ. ಮೊದಲು ‘ಗರಗರ’ ಅನ್ನುತ್ತಿದ್ದದ್ದು ಬರಬರುತ್ತ ‘ಸೊರಸೊರ’ ಆಯಿತು. “ಬಂತು” ಅಂದಳು, ಬೆಣ್ಣೆ ಒಡೆದಾಗ ಅನ್ನುವ ಹಾಗೆಯೇ. ಒರೆಸಿ ನೋಡಿದರೆ ಅಂಚಿನ ಸುತ್ತ ಎಲ್ಲೂ ಕಡಿಯದ ಒಂದೇ ಬೂದುಬಣ್ಣದ ಬಳೆ. ವಾಲ್ವು, ಸ್ಪ್ರಿಂಗು ಕೂರಿಸಿ, ಸೋರುತ್ತದೋ ನೋಡಲು ಹೆಡ್ಡಿನ ತೂತಿಗೆ ಪೆಟ್ರೋಲು ಸುರಿದಿಟ್ಟು, ಎಮ್ಮೆ ಹಾಲು ಕರೆದು ಬಂದಳು. ಕೆಳಗೆ ಹಾಸಿದ ಕಾಗದದ ಮೇಲೆ ಒಂದು ತೊಟ್ಟೂ ಇಲ್ಲ.

ಹೆಡ್ ಕೂರಿಸುವಾಗ ನಾನು ಅಭ್ಯಾಸಬಲದಿಂದ ಪೈಪಿಗೆ ಕೈ ಹಾಕಿದೆ. ಪೈಪು ಇರಲಿಲ್ಲ. ಅದು ಎಮ್ಮೆ ಕಟ್ಟುವ ಗೂಟವಾಗಿ ನೆಲದಲ್ಲಿ ಹೂತಿತ್ತು. ಅವಳು ಬರೀ ಸ್ಪ್ಯಾನರಿನಲ್ಲಿ, ಅಡ್ಡಡ್ಡ ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದಳು. ಎರಡನೇ ಕಿಕ್ಕಿಗೆ ಬೈಕು ಶುರುವಾಯಿತು.

ಸೋಮವಾರ ಬೆಣ್ಣೆಯ ಡಬರಿ ತೊಡೆಯ ಮೇಲಿಟ್ಟುಕೊಂಡು ನಾನೂ ಹಿಂದೆ ಕೂತೆ. ರೈಲ್ವೆ ಗೇಟಿನ ದಿಬ್ಬವನ್ನು ಬೈಕು ಹತ್ತಿದ ರಭಸಕ್ಕೆ ನನ್ನ ಟೋಪಿ ಲಿಂಗದಹಳ್ಳಿ ಕಡೆ ಹಾರಿತು. ಆರೂವರೆಗೆ ಇನ್ನೂ ಐದು ನಿಮಿಷವಿರುವಾಗಲೇ ಓಂಕಾರೇಶನ ಗಲ್ಲಾಪೆಟ್ಟಿಗೆಯ ಮುಂದೆ ನಿಂತಿದ್ದೆವು.

“ಹೆಡ್ ಬಿಚ್ಚಿ ಮನೇಲೇ ಮಾಡಿದ್ವಿ ಕಣಯ್ಯಾ,” ಅಂದೆ. “ಆ ಶೋರೂಮಿನೋರ್ ಮುಖಕ್ಕೆ ಮಸಿ! ನನ್ನ ಕೈ ಬಿದ್ದ ಮೇಲೆ ಇನ್ನೇನು?”

ಓಂಕಾರೇಶ ಬೆಣ್ಣೆ ಇಳಿಸಿಕೊಳ್ಳುತ್ತ ನಕ್ಕ. “ಹೌದೇನಮ್ಮಾ? ಈ ಅಜ್ಜ ಬಿಗಿ ಮಾಡಿದ್ನ ಬಿಚ್ಚೋರು ಹುಟ್ಟೇ ಇಲ್ವಂತೆ?”

ಸುಲೋಚನಮ್ಮ ಸೆರಗಿನ ಗಂಟು ಬಿಚ್ಚಿ, ಮುರಿದ ಬೋಲ್ಟನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಳು.

“ನಿಜ ಕಣಪ್ಪಾ, ಹುಟ್ಟಿಲ್ಲ. ಬಿಚ್ಚೋಕೆ ಏನಾದ್ರೂ ಉಳಿದಿರಬೇಕಲ್ಲ!”