ಭೂಮಿಯಾಗಿದ್ದ ಕಾಕಾ

ಕಾಕಾನ ಬಲಗಣ್ಣಿನ ಸುತ್ತ ಗುಂಡನೆಯ ತಗ್ಗೊಂದು ಬಿದ್ದಿತ್ತು. ಮೂವತ್ತು ವರ್ಷ ಗಡಿಯಾರ ರಿಪೇರಿಯ ಭೂತಗನ್ನಡಿಯನ್ನು ಅದೇ ಕಣ್ಣಿಗೆ ಸಿಕ್ಕಿಸಿಕೊಂಡು ಕೂತದ್ದರ ಗುರುತು. ಕನ್ನಡಿ ತೆಗೆದ ಮೇಲೂ ಆ ಕಣ್ಣು ಕಿರಿದಾಗಿಯೇ ಇರುತ್ತಿತ್ತು. ಎದುರಿಗೆ ನಿಂತವರಿಗೆ, ನಮ್ಮೊಳಗಿನ ಯಾವುದೋ ಹಲ್ಲು ಸವೆದ ಚಕ್ರ ಇವರಿಗೆ ಕಂಡುಬಿಟ್ಟಿತೇನೋ ಎನಿಸುತ್ತಿತ್ತು. ನನಗಂತೂ ಎನಿಸುತ್ತಿತ್ತು. ನನಗೆ ಏನು ಬೇಕಾದರೂ ಎನಿಸುತ್ತದೆ, ಅದು ಬೇರೆ ಮಾತು.

ಅವರು ನನ್ನ ಸಂಬಂಧಿಕರಲ್ಲ. ಕಲಬುರಗಿಯ ಒಂದು ಸಂದಿಯಲ್ಲಿ ಅವರ ರಿಪೇರಿ ಅಂಗಡಿ; ಮೊದಲು ಗಡಿಯಾರ, ಆಮೇಲೆ ರೇಡಿಯೋ, ಮೊಬೈಲ್ ಬಂದ ಮೇಲೆ ಮೊಬೈಲ್. ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ, ಬಿಡಿಭಾಗ ತರುವವನ ಜೊತೆ ಉರ್ದು. ತಂದೆ ಪೂಜೆ-ಪುನಸ್ಕಾರ ಮಾಡಿಸುವವರು; ಮಗನೂ ಪಂಚಾಂಗ ಹಿಡಿಯಲಿ ಎಂಬುದು ಅವರ ಆಸೆ. "ಗ್ರಹದ ಮ್ಯಾಲ ಇಬ್ಬರಿಗೂ ಮನಸಿತ್ತಪಾ," ಎನ್ನುತ್ತಿದ್ದರು ಕಾಕಾ. "ಅಪ್ಪಗ ಅವು ಇಲ್ಲಿಗೆ ಬಂದು ಕಾಡ್ತಾವಂತ ಚಿಂತಿ. ನನಗ, ನಾವು ಅಲ್ಲಿಗೆ ಹೋಗೂದು ಹೆಂಗಂತ."

ಅವರ ಆಟ ಹುಟ್ಟಿದ್ದು ಆ ಚಿಂತೆಯಿಂದ. ಎಲ್ಲರ ಕೈಗೂ ಮೊಬೈಲ್ ಬರತೊಡಗಿದ್ದ, ಎರಡು ಸಾವಿರದ ಮೂರು-ನಾಲ್ಕರ ಕಾಲ. ಬಸ್ಸು ಹತ್ತಿದರೆ ಒಂದು ಮಿಸ್ಡ್ ಕಾಲ್, ಇಳಿದರೆ ಎರಡು ಎಂದು ಇಡೀ ಊರು ಮಾತಾಡದೆಯೇ ಮಾತಾಡುತ್ತಿತ್ತು. ಕಾಕಾ ಅದನ್ನೇ ಹಿಡಿದುಕೊಂಡರು. ಕಮಲಾಪುರದ ಹೊರಗೆ, ರಸ್ತೆಗೆಂದು ಮುರುಮು ಮಣ್ಣು ಅಗೆದು ಬಿಟ್ಟಿದ್ದ ಒಂದು ಹಳೆಯ ಕಣಿ, ಆಳದ ದೊಡ್ಡ ತಗ್ಗು, ಮಂಗಳ ಗ್ರಹವಾಯಿತು. ಅಲ್ಲಿಯ ಮಣ್ಣು ಕೆಂಪು, ಮರದ ನೆರಳಿಲ್ಲ. ಗ್ರಹಕ್ಕೆ ಇನ್ನೇನು ಬೇಕು. ತಿಂಗಳಿಗೊಂದು ಭಾನುವಾರ ನಾವು ಮೂವರು ಅಲ್ಲಿ ಇಳಿಯುತ್ತಿದ್ದೆವು. ಶಾಲೆಯ ಡ್ರಾಯಿಂಗ್ ಮಾಸ್ತರ ನಮ್ಮ ಕಪ್ತಾನ. ಕಣಿಯ ಪಕ್ಕದಲ್ಲೇ ತೋಟವಿದ್ದ ಬಾಳೆಹಣ್ಣಿನ ವ್ಯಾಪಾರಿ, ವಿಜ್ಞಾನಿ. ನಂದೂರಿನ ಬೇಳೆ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದ ನಾನು ಆಕ್ಸಿಜನ್ ಅಧಿಕಾರಿ. ಮೂವರಿಗೂ ಮೂವತ್ತು ದಾಟಿತ್ತು ಎಂಬುದನ್ನು ನಾಚಿಕೆಯಿಂದಲೇ ಹೇಳುತ್ತೇನೆ. ತಲೆಗೆ ಬೈಕಿನ ಹೆಲ್ಮೆಟ್, ಬೆನ್ನಿಗೆ ರಟ್ಟಿನ ಡಬ್ಬಿ.

ಕಾಕಾ ಮಾತ್ರ ಬರುತ್ತಿರಲಿಲ್ಲ. ಅವರು ಭೂಮಿ. ಅಂಗಡಿಯ ಶಟರು ಅರ್ಧ ಇಳಿಸಿಕೊಂಡು, ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದ ಕಣಿಯ ನಕಾಶೆಯ ಮುಂದೆ ಕೂತು, ಡಬ್ಬಿಯಿಂದ ಚೀಟಿ ಎತ್ತುತ್ತಿದ್ದರು. ಚೀಟಿಯಲ್ಲಿ ಬಂದಂತೆ ಮಿಸ್ಡ್ ಕಾಲ್. ಒಂದಾದರೆ ಎಲ್ಲ ಸರಿ, ಎರಡಾದರೆ ಧೂಳಿನ ಬಿರುಗಾಳಿ, ಮೂರಾದರೆ ಹಡಗಿಗೆ ತಿರುಗಿ ಬನ್ನಿ. ಮುಖ್ಯವಾದ ಕಾಯ್ದೆ ಒಂದೇ: ಫೋನು ಎತ್ತುವಂತಿಲ್ಲ, ಇಪ್ಪತ್ತು ನಿಮಿಷದ ತನಕ ಉತ್ತರ ಕೊಡುವಂತಿಲ್ಲ. ಮಂಗಳದಿಂದ ಭೂಮಿಗೆ ಸುದ್ದಿ ಮುಟ್ಟಲು ಅಷ್ಟು ಹೊತ್ತು ಬೇಕು ಎಂದು ಅವರು ಯಾವುದೋ ಪತ್ರಿಕೆಯಲ್ಲಿ ಓದಿದ್ದರು.

ಒಮ್ಮೆ ವ್ಯಾಪಾರಿ ತಡೆಯಲಾರದೆ ಫೋನೆತ್ತಿ, "ಕಾಕಾ, ಊಟಾ ಆತೇನ್ರಿ?" ಎಂದುಬಿಟ್ಟ. ಕಾಕಾ ಎರಡು ತಿಂಗಳು ಆಟ ನಿಲ್ಲಿಸಿದರು. "ಬೆಳಕಿಗಿಂತ ಜಲ್ದಿ ಓಡಿದಿ ನೀ. ದೊಡ್ಡ ಮನುಷ್ಯಾ ಆದಿ ಬಿಡು," ಎಂದರು, ಕಣ್ಣಿನಿಂದ ಕನ್ನಡಿ ತೆಗೆಯದೆ. ನಾನು ಅವನ ಪರವಾಗಿ ವಾದಕ್ಕೆ ಹೋದೆ. "ಒಂದಿನ ಮನುಷ್ಯಾ ಖರೇನ ಅಲ್ಲಿಗೆ ಹೋಗ್ತಾನ," ಎಂದರು. "ಜೀವ ಹೋಗಾಕತ್ತಿದ್ರೂ ಸುಮ್ನ ಕೂಡೂದು ಯಾರರ ಕಲೀಬೇಕೋ ಬ್ಯಾಡೋ?"

ಕಣಿಯ ಅಂಚಿನಲ್ಲಿ ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬಳು ಒಂದು ಸಲ ನಮ್ಮನ್ನು ಬಹಳ ಹೊತ್ತು ನೋಡಿದಳು. "ಯಪ್ಪಾ, ಗಾಡಿ ಎಲ್ಲಿ ಬಿಟ್ಟೀರಿ?"

"ನಾವು ಮಂಗಳ ಗ್ರಹದಾಗ ಇದ್ದೀವಿ, ಆಯಿ," ಎಂದ ಕಪ್ತಾನ.

"ಅಲ್ಲಿ ನೀರು ಅದ ಏನು?"

"ಇಲ್ಲ."

"ಹಂಗಾರ ಇಲ್ಲೇ ಇದ್ದಂಗಾತು," ಎಂದು ಆಡು ಹೊಡೆದುಕೊಂಡು ಹೋದಳು. ಇದನ್ನು ಹೇಳಿದಾಗ ಕಾಕಾ ನಗಲಿಲ್ಲ. ನಕಾಶೆಯ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟು, "ಸ್ಥಳೀಯ ಜೀವಿ, ಒಂದು" ಎಂದು ಬರೆದುಕೊಂಡರು.

ಆಕ್ಸಿಜನ್ ನನಗೇ ಕೊಟ್ಟದ್ದೇಕೆ ಎಂದು ಒಂದು ಸಲ ಕೇಳಿದ್ದೆ. ಮನೆಯ ಕೀಲಿ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಹೋಗುವವನು ನಾನು. ಮಿಲ್ಲಿನಲ್ಲಿ, ಮನೆಯಲ್ಲಿ, ಬಸ್ಸಿನಲ್ಲಿ ಕೂಡ ನಗೆಗೀಡಾದವನು. ಕಾಕಾ ನನ್ನನ್ನು ಆ ಕಿರಿದು ಕಣ್ಣಿನಿಂದ ನೋಡಿ, "ಉಳಿದವರು ಗ್ರಹಾ ನೋಡ್ಕೋತ ಉಸಿರು ಮರೀತಾರ. ನೀ ಮರ್ಯಾಂವಲ್ಲ. ನಿನ್ನ ಚಿಂತಿ ಇನ್ನೆಲ್ಲಿ ಕೆಲಸಕ್ಕ ಬರ್ತದೋ ಇಲ್ಲೋ, ಹಡಗಿನಾಗ ಬರ್ತದ," ಎಂದರು. ನನ್ನ ಸ್ವಭಾವಕ್ಕೆ ಯಾರಾದರೂ ಒಂದು ಹುದ್ದೆ ಕೊಟ್ಟದ್ದು ಅದೊಂದೇ ಸಲ. ಆವತ್ತಿನಿಂದ ಹಡಗಿನ ಫೋನೂ ನನ್ನ ಕೈಗೇ ಬಂತು.

ಬಿಸಿಲು ಏರುತ್ತಿದ್ದ ಒಂದು ಭಾನುವಾರ. ಕಾಕಾನ ಹೆಂಡತಿ, ನಮ್ಮ ಕಾಕು, ಶರಣಸಿರಸಗಿಗೆ ತಂಗಿಯ ಮನೆಗೆ ಹೋಗಿದ್ದರು. ಅಂಗಡಿಯಲ್ಲಿ ಕಾಕಾ ಒಬ್ಬರೇ. ಮಧ್ಯಾಹ್ನ ಮೂರರ ಹೊತ್ತಿಗೆ ನನ್ನ ಕೈಯಲ್ಲಿದ್ದ ಫೋನು ಬಡಿಯಿತು. ಯಾವಾಗಲೂ ಒಂದೇ ಸಲ ಬಡಿದು ಕಟ್ಟಾಗುವುದು, ಆವತ್ತು ತಾನಾಗಿಯೇ ನಿಲ್ಲುವ ತನಕ ಬಡಿಯಿತು. ಮತ್ತೆ ಬಂತು. ಮತ್ತೆ. ಐದು ಸಲ, ಐದೂ ಉದ್ದದ್ದು.

"ಕಾಕಾಗ ಕಟ್ ಮಾಡೂದು ಮರತದ," ಎಂದ ವ್ಯಾಪಾರಿ.

ಕಪ್ತಾನ ಕಾಯ್ದೆಯ ಹಾಳೆ ತೆಗೆದು ನೋಡಿದ. "ಐದು ಇಲ್ಲಲ್ಲ ಇದ್ರಾಗ. ಹೊಸಾ ಚೀಟಿ ಬರದಾನ ಮುದುಕ."

"ಒಂದು ಫೋನ್ ಮಾಡೂಣೇನು?" ಎಂದೆ ನಾನು.

"ಆಕ್ಸಿಜನ್ ಸಾಹೇಬ್ರು ಶುರು ಮಾಡಿದ್ರು ನೋಡು," ಎಂದ ವ್ಯಾಪಾರಿ. "ಹೋದಸಲ ನಾ ಎತ್ತಿದ್ದಕ್ಕ ಎರಡ ತಿಂಗಳು ಬಂದ್. ಈ ಸಲ ವರ್ಷಾನ ಬಂದ್ ಮಾಡ್ತಾನ."

ನಾನು ಮಾಡಲಿಲ್ಲ. ಬೀಗ ಹಾಕಿದ ಬಾಗಿಲನ್ನೂ ನಂಬದವನು ಆವತ್ತು ಕಾಯ್ದೆಯನ್ನು ನಂಬಿದೆ. ಅದಕ್ಕಿಂತ ದೊಡ್ಡದು, ಕಾಕಾ ನನ್ನನ್ನು ಮೆಚ್ಚಲಿ ಎಂಬ ಆಸೆ; ಅದನ್ನು ಈಗ ಒಪ್ಪಿಕೊಳ್ಳಬಹುದು. ಮೂವರೂ ಹೆಲ್ಮೆಟ್ ಹಾಕಿಕೊಂಡು ಕೆಂಪು ಮಣ್ಣಿನ ಮೇಲೆ ಕೂತು ಗಡಿಯಾರ ನೋಡಿದೆವು. ಇಪ್ಪತ್ತು ನಿಮಿಷ ಮುಗಿದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಟ್ಟೆ. ತಿರುಗಿ ಏನೂ ಬರಲಿಲ್ಲ. ಆಗ ನಿಜವಾದ ಫೋನು ಮಾಡಿದೆ. ಎತ್ತಲಿಲ್ಲ. ಅಂಗಡಿಯ ಮೇಲೆಯೇ ಮನೆಯಿದ್ದ ಟೇಲರನಿಗೆ ಮಾಡಿದೆ. ಅವನು ಕೆಳಗಿಳಿದು ಶಟರು ಎತ್ತಿದಾಗ ಕಾಕಾ ನಕಾಶೆಯ ಮೇಲೆ ತಲೆ ಇಟ್ಟಿದ್ದರಂತೆ. ಉಸಿರು ಇನ್ನೂ ಇತ್ತಂತೆ, ಏನೋ ಗೊಣಗಿದರಂತೆ. ಆಟೋದಲ್ಲಿ ಒಯ್ದರು.

ನಾವು ಬಸ್ಸು ಹಿಡಿದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಡಾಕ್ಟರು ಟೇಲರನಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ಅರ್ಧ ತಾಸು ಮೊದಲ ತಂದಿದ್ರ ನೋಡಬಹುದಿತ್ತು." ಅದರಲ್ಲಿ ಇಪ್ಪತ್ತು ನಿಮಿಷ ನಮ್ಮದು.

ಮೂರನೆಯ ದಿನ ಕಾಕು ಕೇಳಿದರು. "ಅವ್ರ ಫೋನಿನ್ಯಾಗ ನಿಮ್ಮ ನಂಬರ್ ಅದ, ಐದು ಸಲ. ಯಾರೂ ಎತ್ತಲಿಲ್ಲೇನು?"

ಕಪ್ತಾನ ನೆಲ ನೋಡಿದ. ವ್ಯಾಪಾರಿ ಚಪ್ಪಲಿ ಹುಡುಕತೊಡಗಿದ. ನಾನು ಹೇಳಿದೆ, "ಕಮಲಾಪುರದಾಗ ಸಿಗ್ನಲ್ ಇರ್ಲಿಲ್ರಿ, ಕಾಕು."

ಅವರಿಬ್ಬರೂ ಆಮೇಲೆ ಆ ಕಡೆ ಸುಳಿಯಲಿಲ್ಲ. ಅಂಗಡಿ ಬೇರೆಯವರಿಗೆ ಕೊಟ್ಟ ಮೇಲೆ ಕಾಕು ಶರಣಸಿರಸಗಿಗೆ ತಂಗಿಯ ಜೊತೆ ಇರಲು ಹೋದರು. ನಾನು ಭಾನುವಾರಕ್ಕೊಮ್ಮೆ ಹೋಗುತ್ತಿದ್ದೆ. ಗುಳಿಗೆ ತಂದುಕೊಡುವುದು, ಕರೆಂಟಿನ ಬಿಲ್ಲು ಕಟ್ಟುವುದು, ಕಾಕಾನ ಮಾತು ಬಂದಾಗ ಬೇರೆ ಮಾತು ತೆಗೆಯುವುದು. ಅವರ ಮನೆಯಿದ್ದ ಹೊಸ ಲೇಔಟಿನಲ್ಲಿ ಯಾರ ಫೋನು ಕಟ್ಟಾದರೂ ಆ ತಂಗಿ, "ಸಿಗ್ನಲ್ ಇಲ್ಲದ್ದಕ್ಕ ನಮ್ಮ ಭಾವ ಹೋದ್ರು," ಎನ್ನುತ್ತಿದ್ದಳು. ಕಾಕು ಹೂಂ ಎನ್ನುತ್ತಿರಲಿಲ್ಲ, ಉಹೂಂ ಎನ್ನುತ್ತಿರಲಿಲ್ಲ. ನಾನು ಅದಕ್ಕೂ ಚಿಂತೆ ಮಾಡುತ್ತಿದ್ದೆ.

ಕೆಲವು ವರ್ಷ ಹೀಗೇ ಕಳೆದವು. ನನ್ನ ರಕ್ತದೊತ್ತಡ ಏರಿ, ನಾನೇ ಎಲ್ಲಿ ಮೊದಲು ಹೋಗಿಬಿಡುತ್ತೇನೋ ಎಂಬ ಭಯ ಹುಟ್ಟಿದ ಒಂದು ವಾರ ಎಲ್ಲವನ್ನೂ ಹೇಳಿಬಿಟ್ಟೆ: ಐದು ಸಲ ಉದ್ದಕ್ಕೆ ಬಡಿದ ಫೋನು, ಇಪ್ಪತ್ತು ನಿಮಿಷ, ಹೆಲ್ಮೆಟ್ಟು.

ಕಾಕು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಸಿಗ್ನಲ್ ಇರದಿದ್ರ ಈ ಕಡಿ ಫೋನಿನ್ಯಾಗ ಗಂಟಿ ಕೇಳಸ್ತದೇನು? ಟೇಲರ್ ಬಂದಾಗ ಅವ್ರು, 'ಗಂಟಿ ಹೋಗ್ತದ, ಎತ್ತವಲ್ರು' ಅಂದ್ರಂತ. ರಿಪೇರಿಯವನ ಹೆಂಡ್ತಿ ನಾ. ಅಷ್ಟು ತಿಳೀದೇನು?"

"ಮತ್ತ ಇಷ್ಟು ದಿನ ಯಾಕ ಅನ್ಲಿಲ್ರಿ?"

"ಅಂದಿದ್ರ ನೀ ಬರೂದು ಬಿಡ್ತಿದ್ದಿ," ಎಂದರು.

ಮುಂದಿನ ಭಾನುವಾರ ನಾನು ಹೋಗಲಿಲ್ಲ. ಅದರ ಮುಂದಿನದೂ ಹೋಗಲಿಲ್ಲ. ಮೂರನೆಯದಕ್ಕೆ ಗುಳಿಗೆ ಮುಗಿದಿರುತ್ತವೆ ಎಂಬ ಚಿಂತೆ ಹತ್ತಿ ಹೋದೆ. ಈಗಲೂ ಹೋಗುತ್ತೇನೆ. ಮೊದಲಿನಷ್ಟು ಹೊತ್ತು ಕೂಡುವುದಿಲ್ಲ.