ಶೋಭಾನೆಯ ಅಕ್ಕನಿಗೆ ನಾವು ಮಾಡಿದ ಸನ್ಮಾನ

ನಮ್ಮ ಕಡೆ ಬಾಯ್ತುಂಬ ಹೊಗಳುವುದು ಸತ್ತವರನ್ನು ಮಾತ್ರ. ಬದುಕಿರುವವರಿಗೆ ‘ಅಡ್ಡಿಯಿಲ್ಲ’ ಅಂದರೆ ಅದೇ ದೊಡ್ಡ ಬಿರುದು. ಅದಕ್ಕಿಂತ ಹೆಚ್ಚು ಹೇಳಿದರೆ ಕೇಳಿದವರಿಗೂ ನಾಚಿಕೆ, ಹೇಳಿದವರಿಗೂ ನಾಚಿಕೆ. ನಾನೂ ಹಾಗೆಯೇ ಬೆಳೆದವಳು. ಬಂಟ್ವಾಳ ಪೇಟೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡು ದಿನವಿಡೀ ಹೆಂಗಸರ ಹತ್ತಿರ ಮಾತಾಡ್ತೇನೆ, ಆದರೆ ಹೇಳಬೇಕಾದ್ದನ್ನು ಹೇಳಲಿಕ್ಕೆ ನನಗೆ ಬರುವುದಿಲ್ಲ.

ಮಡಂತ್ಯಾರಿನ ಹತ್ತಿರ ಒಬ್ಬರು ಅಕ್ಕ ಇದ್ದಾರೆ. ಮದುವೆಯಲ್ಲಿ ಶೋಭಾನೆ ಹೇಳುವವರು. ಮದುಮಗಳನ್ನು ಮಂಟಪಕ್ಕೆ ಕರೆತರುವಾಗ, ಧಾರೆ ಎರೆಯುವಾಗ, ಕೊನೆಗೆ ಹೆಣ್ಣೊಪ್ಪಿಸುವಾಗ ಹೆಂಗಸರು ಕೂತು ಹೇಳುವ ಹಾಡು ಉಂಟಲ್ಲ, ಅದು. ಬೆಳ್ತಂಗಡಿಯಿಂದ ಮೂಡುಬಿದಿರೆವರೆಗೆ ಅವರು ಹೇಳದ ಮದುವೆ ಹಾಲ್ ಇರಲಿಕ್ಕಿಲ್ಲ. ಹೇಳಿ ಮುಗಿಸಿ, ಪಂಕ್ತಿಯಲ್ಲಿ ಕೂತು ಉಂಡು, ಬಸ್ಸು ಹಿಡಿದು ಹೋಗುವುದು. ಚೆನ್ನಾಗಿತ್ತು ಅಂತ ಯಾರೂ ಹೇಳಿದ್ದು ನಾನು ಕಂಡಿಲ್ಲ. ಹೂವಿನ ಅಲಂಕಾರ ಯಾರದ್ದು ಅಂತ ಕೇಳ್ತಾರೆ, ಪಾಯಸ ಯಾರದ್ದು ಅಂತ ಕೇಳ್ತಾರೆ.

ನನ್ನ ಮದುವೆ ಆದದ್ದು ಮೂಡುಬಿದಿರೆಯಲ್ಲಿ. ಅಮ್ಮ ತೀರಿ ವರ್ಷ ಕಳೆದಿತ್ತಷ್ಟೆ. ಹೆಣ್ಣೊಪ್ಪಿಸುವ ಹಾಡಿನಲ್ಲಿ ಅಪ್ಪನಿಗೊಂದು ನುಡಿ, ಅಮ್ಮನಿಗೊಂದು ನುಡಿ, ಅಣ್ಣನಿಗೊಂದು ನುಡಿ ಬರ್ತದೆ. ಅಮ್ಮನ ನುಡಿ ಬಿಟ್ಟುಬಿಡಿ, ಶುಭಕಾರ್ಯದಲ್ಲಿ ಕಣ್ಣೀರು ಬೇಡ ಅಂತ ನನ್ನ ಚಿಕ್ಕಮ್ಮ ಅಕ್ಕನ ಕಿವಿಯಲ್ಲಿ ಹೇಳಿದ್ದನ್ನು ನಾನೇ ಕೇಳಿದೆ. ಅಕ್ಕ ತಲೆಯಾಡಿಸಿದರು. ಆದರೆ ಆ ಜಾಗ ಬಂದಾಗ ಬಿಡಲಿಲ್ಲ. ನನ್ನ ಮುಖ ನೋಡುತ್ತಾ, ಅವಸರ ಮಾಡದೆ, ಅಮ್ಮನ ನುಡಿಯನ್ನು ಪೂರ್ತಿ ಹೇಳಿದರು. ಒಂದು ವರ್ಷದಿಂದ ನನ್ನೆದುರು ಅಮ್ಮನ ಸುದ್ದಿ ಎತ್ತುವುದೇ ಪಾಪ ಅನ್ನುವ ಹಾಗೆ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಆ ಮದುವೆ ಹಾಲ್‌ನಲ್ಲಿ ನನ್ನ ಅಮ್ಮನನ್ನು ಕರೆದದ್ದು ಅಕ್ಕ ಒಬ್ಬರೇ. ನಾನು ಕಣ್ಣಿನ ಕಾಡಿಗೆ ಇಳಿದು ಹೋಗುವಷ್ಟು ಅತ್ತೆ. ಎದೆ ಹಗುರವಾಯಿತು, ಅದನ್ನು ಸುಳ್ಳು ಹೇಳುವುದಿಲ್ಲ. ಚಿಕ್ಕಮ್ಮ ಮಾತ್ರ ಊಟದ ಹೊತ್ತಿಗೆ ಅಕ್ಕನಿಗೆ ಸರಿಯಾಗಿ ಬೈದರು.

ಆಮೇಲೆ ಅಕ್ಕ ನನ್ನ ಅಂಗಡಿಗೇ ಬ್ಲೌಸ್ ಕೊಡುತ್ತಿದ್ದರು. ಪ್ರತಿ ಸಲ ಅಳತೆ ತೆಗೆಯುವಾಗ ಆ ದಿನದ ಉಪಕಾರದ ಮಾತು ಇವತ್ತು ಹೇಳುವ ಅಂದುಕೊಳ್ಳುವುದು, ಕಡೆಗೆ ತೋಳು ಉದ್ದ ಇಡಬೇಕಾ ಗಿಡ್ಡ ಇಡಬೇಕಾ ಅಂತ ಕೇಳಿ ಕಳಿಸುವುದು. ಹೇಳುವುದಾದರೂ ಹೇಗೆ ಮಾರಾಯ್ರೆ, ಬಾಯಿಯಲ್ಲಿ ಟೇಪು ಕಚ್ಚಿಕೊಂಡು?

ಕಳೆದ ವರ್ಷ ಜೋರು ಮಳೆಯ ಆಟಿ ತಿಂಗಳು ಹತ್ತಿರ ಬರುವಾಗ ಅಕ್ಕ ಬಂದು, ಬ್ಲೌಸಿನ ಕುತ್ತಿಗೆ ಸ್ವಲ್ಪ ಸಡಿಲ ಮಾಡಿಕೊಡು ಅಂದರು. ಯಾಕೆ ಅಂತ ಕೇಳಿದರೆ, ‘ಗಂಟಲಲ್ಲಿ ಏನೋ ಬೆಳೆದಿದೆಯಂತೆ. ಆಟಿ ಮುಗಿಯುವ ಮೊದಲೇ ಮಂಗಳೂರಿನಲ್ಲಿ ಆಪರೇಷನ್. ಸ್ವರ ಹೋಗ್ತದಂತೆ’ ಅಂದರು. ಬಸ್ಸು ಹೋಯಿತಂತೆ ಅನ್ನುವ ಹಾಗೆ! ನಾನು ಮೊಬೈಲ್ ತೆಗೆದು, ಈಗಲೇ ಹಾಡು ಹೇಳಿ ಅಕ್ಕ, ನಾನು ರೆಕಾರ್ಡ್ ಮಾಡ್ತೇನೆ ಅಂದೆ. ಅವರು ನಕ್ಕುಬಿಟ್ಟರು.

‘ಎದುರು ದೀಪ ಇಲ್ಲದೆ, ಮದುಮಗಳು ಇಲ್ಲದೆ ಶೋಭಾನೆ ಹೇಳುವುದು ಉಂಟಾ? ಯಾರಿಗೆ ಹೇಳುವುದು, ನಿನ್ನ ಹೊಲಿಗೆ ಮೆಷಿನಿಗಾ?’

ಆಟಿಯಲ್ಲಿ ಮದುವೆ ನಡೆಯುವುದಿಲ್ಲ. ಆಟಿ ಮುಗಿಯುವಾಗ ಅಕ್ಕನ ಸ್ವರ ಇರುವುದಿಲ್ಲ. ಅವರಿಗೂ ಅದು ಗೊತ್ತಿತ್ತು. ಬಾಗಿಲ ತನಕ ಹೋದವರು ತಿರುಗಿ ನಿಂತು, ‘ಇನ್ನು ಒಂದೇ ಒಂದು ಸಲ ಪೂರ್ತಿ ಹೇಳಬೇಕು ಅಂತ ಆಸೆ ಉಂಟು ನನಗೂ’ ಅಂದರು. ಅವರು ಆಸೆ ಅನ್ನುವ ಶಬ್ದ ಆಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ನಮ್ಮ ಮಹಿಳಾ ಮಂಡಲದವರು ಆಟಿಯಲ್ಲಿ ಒಂದು ಭಾನುವಾರ ಹಾಲ್ ಹಿಡಿದು, ಹಿಂದಿನ ಕಾಲದ ಅಡುಗೆ ಮಾಡಿ ಉಣ್ಣುವ ಕಾರ್ಯಕ್ರಮ ಇಟ್ಟುಕೊಳ್ಳುತ್ತಾರೆ. ಅದರಲ್ಲಿಯೇ ಅಕ್ಕನಿಗೊಂದು ಸನ್ಮಾನ ಮಾಡುವ ಅಂತ ನಾನೇ ಅಧ್ಯಕ್ಷೆಯ ಬೆನ್ನು ಬಿದ್ದೆ. ದೀಪ ಹಚ್ಚುವ, ದೀಪಾವಳಿ ಕಳೆದು ಮದುವೆ ನಿಶ್ಚಯವಾಗಿರುವ ನಮ್ಮ ಪಕ್ಕದ ಮನೆ ಹುಡುಗಿಯನ್ನು ಮದುಮಗಳ ಜಾಗದಲ್ಲಿ ಕೂರಿಸುವ, ಅಕ್ಕ ಶೋಭಾನೆ ಹೇಳಲಿ, ಎಲ್ಲ ವಿಡಿಯೋ ಆಗಲಿ. ಅಕ್ಕ ಒಪ್ಪಿದರು. ನಿಜವಾಗಿ ಮದುವೆಯಾಗುವ ಹುಡುಗಿ ಆದರೆ ಅಡ್ಡಿಯಿಲ್ಲ, ದೇವರು ಬೈಯಲಿಕ್ಕಿಲ್ಲ ಅಂದರು. ಹುಡುಗಿಗೆ ನಾನೇ ರವಕೆ ಹೊಲಿದೆ.

ಆ ದಿನ ಬಂದವರೆಲ್ಲರಿಗೂ ಮೈಕ್ ಬೇಕು. ಒಬ್ಬರು ಸಂಸ್ಕೃತಿ ಅಳಿಯುತ್ತಿದೆ ಅಂದರು. ಇನ್ನೊಬ್ಬರು ಸಂಸ್ಕೃತಿ ಉಳಿಸಬೇಕು ಅಂದರು. ಮುಖ್ಯ ಅತಿಥಿ ತಡವಾಗಿ ಬಂದು, ತಮ್ಮ ಅಜ್ಜಿ ಶೋಭಾನೆ ಹೇಳುತ್ತಿದ್ದ ಕತೆಯನ್ನು ಉದ್ದಕ್ಕೆ ಎಳೆದರು. ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಅಕ್ಕನನ್ನು ಕುರ್ಚಿಯಲ್ಲಿ ಗೊಂಬೆಯ ಹಾಗೆ ಕೂರಿಸಿದ್ದರು. ಹುಡುಗಿ ಮಲ್ಲಿಗೆ ಮುಡಿದು ದೀಪದ ಹತ್ತಿರ ಕಾಲು ಜೋಮು ಹಿಡಿಯುವ ತನಕ ಕೂತಿದ್ದಳು.

ಅಭಿನಂದನೆಯ ಮಾತು ನನ್ನದು. ನಾಲ್ಕೇ ಮಾತು ಸಾಕು ಅಂದಿದ್ದರು. ಆದರೆ ಅಕ್ಕನ ಮುಖ ಕಂಡದ್ದೇ ತಡ, ಇಷ್ಟು ವರ್ಷ ನುಂಗಿಕೊಂಡದ್ದೆಲ್ಲ ಒಮ್ಮೆಲೇ ಹೊರಗೆ ಬಂತು. ನನ್ನ ಮದುವೆಯ ಸಂಗತಿ ಹೇಳಿದೆ, ಅಮ್ಮನ ನುಡಿಯ ಸಂಗತಿ ಹೇಳಿದೆ, ನೀವು ಆ ದಿನ ಅದನ್ನು ಬಿಟ್ಟಿದ್ದರೆ ನಾನು ಇವತ್ತಿಗೂ ಕಲ್ಲಾಗಿಯೇ ಇರುತ್ತಿದ್ದೆ ಅಂದೆ. ಅಕ್ಕ ಶಾಲಿನ ತುದಿಯಲ್ಲಿ ಕಣ್ಣೊರೆಸಿಕೊಂಡರು. ನಾನೂ ಅತ್ತೆ, ಮುಂದಿನ ಸಾಲಿನವರೂ ಅತ್ತರು. ಅಬ್ಬ, ಕೊನೆಗೂ ಹೇಳಿದೆನಲ್ಲ ಅಂತ ಖುಷಿಯಲ್ಲಿ ಕೆಳಗಿಳಿದೆ.

ಅಕ್ಕ ಎದ್ದರು. ಹುಡುಗಿ ಸೆರಗು ಸರಿಮಾಡಿಕೊಂಡಳು. ಅಕ್ಕ ಕಣ್ಣು ಮುಚ್ಚಿ, ಸ್ವರ ಹಿಡಿಯಲಿಕ್ಕೆ ‘ಆ’ ಅಂತ ಒಮ್ಮೆ ಎಳೆದರು. ಅಷ್ಟರಲ್ಲಿ ಅಡುಗೆಯವರು ಬಂದು ಅಧ್ಯಕ್ಷೆಯ ಕಿವಿಯಲ್ಲಿ ಏನೋ ಅಂದರು. ಕೆಸುವಿನೆಲೆಯ ಪತ್ರೊಡೆ ತಣಿಯುತ್ತಿತ್ತು, ಹಿಂದಿನ ಸಾಲಿನವರು ಆಗಲೇ ಎದ್ದು ಬಾಳೆಲೆಯ ಕಡೆ ನಡೆದಿದ್ದರು. ಅಧ್ಯಕ್ಷೆ ನಗುನಗುತ್ತಲೇ ಮೈಕ್ ತೆಗೆದುಕೊಂಡರು. ‘ಸಮಯದ ಅಭಾವ ಉಂಟು. ಅಕ್ಕನ ಹಾಡನ್ನು ನಾವೆಲ್ಲ ಕೇಳಿಯೇ ಇದ್ದೇವಲ್ಲ! ಇನ್ನು ಊಟ ಮಾಡುವ.’

ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು, ಇಲ್ಲ ಇಲ್ಲ, ಹಾಡು ಉಂಟು, ಕೂರಿ ಅಂತ ಕೂಗಿದೆ. ಕುರ್ಚಿ ಎಳೆಯುವ ಗದ್ದಲದಲ್ಲಿ ಯಾರಿಗೆ ಕೇಳ್ತದೆ? ಅಕ್ಕ ನನ್ನ ಕೈ ಹಿಡಿದು, ‘ಬಿಡು, ಜನ ಹಸಿದಿದ್ದಾರೆ’ ಅಂದರು. ಮಜ್ಜಿಗೆ ಮಾತ್ರ ಕುಡಿದು ಮನೆಗೆ ಹೋದರು. ಆ ವಾರವೇ ಆಪರೇಷನ್ ಆಯಿತು. ಹೇಳಿದ ಹಾಗೆಯೇ ಸ್ವರ ಹೋಯಿತು.

ದುಬೈಯಲ್ಲಿರುವ ಅವರ ಮಗಳು ರಜೆ ಹಾಕಿ ಬಂದವಳು ನನ್ನ ಅಂಗಡಿಗೆ ಬಂದಳು. ‘ಅಮ್ಮನ ವಾಯ್ಸ್ ಮೆಸೇಜು ಬೇಕಾದಷ್ಟು ಉಂಟು, ಎಲ್ಲ ಊಟ ಆಯಿತಾ, ಮಳೆ ಉಂಟಾ ಅನ್ನುವುದು. ಹಾಡು ಒಂದೂ ಇಲ್ಲ. ನಿಮಗೆ ಮದುವೆಮನೆಯವರ ಗುರ್ತ ಉಂಟಲ್ಲ’ ಅಂದಳು. ಇಷ್ಟು ಮದುವೆ ಉಂಟು, ಸಿಗದೆ ಎಲ್ಲಿ ಹೋಗ್ತದೆ ಅಂತ ನಾನು ಧೈರ್ಯ ಹೇಳಿದೆ. ಗಿರಾಕಿಗಳ ಮನೆಮನೆಗೆ ಫೋನ್ ಮಾಡಿ ಮದುವೆ ವಿಡಿಯೋ ತರಿಸಿದೆ. ನನ್ನ ಮದುವೆಯದ್ದನ್ನೂ ಹುಡುಕಿ ತೆಗೆದೆ.

ನಮ್ಮ ವಿಡಿಯೋದವರ ಕೆಲಸ ನಿಮಗೆ ಗೊತ್ತಿರಬಹುದು. ಮದುವೆಯ ಶಬ್ದವನ್ನೆಲ್ಲ ಒರೆಸಿ ಮೇಲೆ ಸಿನಿಮಾ ಹಾಡು ಹಾಕ್ತಾರೆ. ಹಾಗೆ ಹಾಕದಿದ್ದರೆ ಮನೆಯವರೇ ಜಗಳ ಮಾಡ್ತಾರೆ. ಪ್ರತಿ ವಿಡಿಯೋದಲ್ಲೂ ಅಕ್ಕ ಕೂತಿದ್ದಾರೆ, ಬಾಯಿ ಆಡುತ್ತಾ ಉಂಟು, ಕೇಳುವುದು ಯಾವನೋ ಹೀರೋ ಹೀರೋಯಿನ್‌ಗೆ ಹೇಳುವ ಹಾಡು. ನನ್ನ ಮದುವೆಯಲ್ಲಿ ಅಕ್ಕ ನನ್ನ ಮುಖ ನೋಡಿ ಅಮ್ಮನನ್ನು ಕರೆಯುತ್ತಿದ್ದಾರೆ, ನಾನು ಅಳುತ್ತಿದ್ದೇನೆ, ಹಿಂದೆ ಗಿಟಾರು ಬಾರಿಸುತ್ತಾ ಉಂಟು. ಈ ವಿಡಿಯೋದವರ ಕೈಗೆ ಏನು ಬಂದಿತ್ತು! ಟಿವಿ ಒಡೆದು ಹಾಕುವಷ್ಟು ಸಿಟ್ಟು ಬಂತು. ಒಡೆದರೆ ಯಾರಿಗೆ ಏನು ಸಿಕ್ಕಿತು?

ಸಿನಿಮಾ ಹಾಡು ಹಾಕದೆ ಇದ್ದದ್ದು ನಮ್ಮ ಸನ್ಮಾನದ ವಿಡಿಯೋ ಒಂದೇ. ಭಾಷಣ ಕೇಳಬೇಕಲ್ಲ. ಮಗಳು ಅದನ್ನು ಅಕ್ಕನ ಮನೆಯ ಚಾವಡಿಯಲ್ಲಿ ಹಾಕಿದಳು. ಅಕ್ಕ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಕೂತಿದ್ದರು. ನಾನು ಅವರ ಪಕ್ಕದಲ್ಲಿ, ಭೂಮಿ ಬಾಯಿ ಬಿಡಬಾರದಾ ಅನ್ನಿಸುತ್ತಿತ್ತು. ನನ್ನ ಭಾಷಣ ಬಂತು, ಹೋಗಲಿಕ್ಕೆ ಅದಕ್ಕೆ ಅವಸರವೇ ಇಲ್ಲ. ಎಲ್ಲಿ ಅಮ್ಮನ ಹಾಡು ಅಂತ ಮಗಳು ಎರಡು ಸಲ ಕೇಳಿದಳು.

ಕೊನೆಗೆ ಅಕ್ಕ ಎದ್ದು ‘ಆ’ ಅಂದದ್ದು ಬಂತು. ಅದರ ಮೇಲೆ ಅಧ್ಯಕ್ಷೆಯ ನಗು, ಆಮೇಲೆ ಚಪ್ಪಾಳೆ, ಆಮೇಲೆ ಕುರ್ಚಿಗಳು.

ಮಗಳು ಆ ಒಂದು ‘ಆ’ಯನ್ನು ಮಾತ್ರ ಕತ್ತರಿಸಿ ತನ್ನ ಮೊಬೈಲಿಗೆ ಹಾಕಿಕೊಂಡಳು. ಉಳಿದದ್ದರಲ್ಲಿ ನಾನು ಅಕ್ಕನನ್ನು ಹೊಗಳಿದ್ದು ಪೂರ್ತಿ ಉಂಟು, ಒಂದಕ್ಷರ ಬಿಡದೆ, ಚೆನ್ನಾಗಿ ಕೇಳ್ತದೆ.