ಐದು ಸೈಕಲ್ಲು, ನಾಲ್ಕು ಕೊಕ್ಕೆ

ಅಮ್ಮಿ, ಗುಂಡಣ್ಣ, ಚಿನ್ನಿ,

ಆಯುಧಪೂಜೆಯ ದಿನ ನಾನು ಮಾಡಿದ್ದನ್ನು ನೀವು ನೋಡಿದ್ದೀರಿ. ಅಮ್ಮಿ ಫೋನಿನಲ್ಲಿ ಅರ್ಧ ಮಾತ್ರ ನೋಡಿದಳು. ಆದರೆ ಅದಕ್ಕೆ ಮೊದಲು ಎರಡು ತಿಂಗಳು ಏನೇನು ನಡೆಯಿತೆಂದು ನಿಮಗೆ ಯಾರಿಗೂ ಗೊತ್ತಿಲ್ಲ. ಗುಂಡಣ್ಣ ದಿನಾ ಕೇಳುತ್ತಾನೆ. ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ನಾಲ್ಕು ಜನ ಎದುರಿಗೆ ಕೂತರೆ ನನ್ನ ಮಾತು ಗಂಟಲಿನಿಂದ ಹೊರಗೆ ಬರುವುದಿಲ್ಲ. ಬರೆಯಲು ಹಳ್ಳಿಯ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಕಲಿತ ಅಕ್ಷರವಿದೆ, ಗುಂಡಣ್ಣ ಅರ್ಧಕ್ಕೆ ಬಿಟ್ಟ ನೋಟ್‌ಬುಕ್ಕುಗಳಿವೆ. ಸಾಕು.

ನಮ್ಮ ಜನ್ನಾಪುರದ ಮನೆಗೆ ಐದು ಸೈಕಲ್ಲುಗಳು ಒಂದೊಂದಾಗಿ ಬಂದು ಸೇರಿದವು. ನಿಮ್ಮಪ್ಪ, ಅಂದರೆ ನನ್ನ ಮಗ, ಕೆಲಸಕ್ಕೆ ಸೇರಿದಾಗ ಕೊಂಡ ಕರಿ ಸೈಕಲ್ಲು ಒಂದು. ಹೊಟ್ಟೆ ಇಳಿಸಲೆಂದು ಕೊಂಡ ಗೇರ್ ಸೈಕಲ್ಲು ಇನ್ನೊಂದು. ಗುಂಡಣ್ಣನದು ಟ್ರ್ಯಾಕ್ಟರಿಗೆ ಹಾಕುವಷ್ಟು ದಪ್ಪ ಟಯರಿನದು. ಚಿನ್ನಿಯದು ಮೂರು ಬೆಲ್ಲು ಇರುವ ಗುಲಾಬಿ ಬಣ್ಣದ್ದು. ಐದನೆಯದು ಅಮ್ಮಿಯ ನೇರಳೆ ಬಣ್ಣದ ಲೇಡೀಸ್ ಸೈಕಲ್ಲು, ಮುಂದೆ ಬುಟ್ಟಿ ಇರುವುದು. ಅಮ್ಮಿ ಕಾಲೇಜಿಗೆಂದು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿರುವ ನನ್ನ ಮಗಳ ಮನೆಗೆ ಹೋದ ಮೇಲೆ ಅದಕ್ಕೆ ಸವಾರರು ಇರಲಿಲ್ಲ. ಹಾಗೆಂದು ನೀವೆಲ್ಲ ತಿಳಿದಿದ್ದಿರಿ.

ಮನೆಗೂ ಕಾಂಪೌಂಡಿಗೂ ನಡುವೆ ಶೀಟು ಹೊದಿಸಿದ ಓಣಿಯಲ್ಲಿ ಈ ಐದೂ ಒಂದರ ಮೇಲೊಂದು ಒರಗಿ ನಿಲ್ಲುತ್ತಿದ್ದವು. ಒಂದನ್ನು ಎಳೆದರೆ ಐದೂ ಬೀಳುತ್ತಿದ್ದವು. ಒಂದು ದಿನ ಗ್ಯಾಸ್ ತಂದವನು ಸಿಲಿಂಡರ್ ಹೆಗಲ ಮೇಲಿಟ್ಟುಕೊಂಡು ಆ ಓಣಿಯಲ್ಲಿ ಬಂದ. ಎಲ್ಲ ಬಿದ್ದವು. ಅವನ ಒಂದು ಕಾಲು ಚಿನ್ನಿಯ ಚಕ್ರದೊಳಗೆ ಸಿಕ್ಕಿಕೊಂಡಿತು. ಕೊಕ್ಕರೆಯ ಹಾಗೆ ನಿಂತು ಕೂಗಿದ: "ಅಕ್ಕಾ, ಮೊದ್ಲು ಸಿಲಿಂಡರ್ ಇಳಿಸ್ಲಾ, ಕಾಲು ತೆಗೀಲಾ? ಎರಡೂ ಒಟ್ಟಿಗೆ ಆಗಲ್ಲ!"

ಅವತ್ತು ಸಂಜೆ ನಿಮ್ಮಮ್ಮ ನಿಮ್ಮಪ್ಪನಿಗೆ ಹೇಳಿದಳು: "ರೀ, ಈ ಭಾನುವಾರದೊಳಗೆ ಇದಕ್ಕೊಂದು ದಾರಿ ಮಾಡಿ. ಇಲ್ಲ ಅಂದ್ರೆ ಐದನ್ನೂ ಗುಜರಿಗೆ ಹಾಕ್ತೀನಿ. ತಕ್ಕಡಿ ಏಳ್ಲಿಲ್ಲ ಅಂದ್ರೆ ಜೊತೆಗೆ ನಿಮ್ಮನ್ನೂ ಕೂರಿಸ್ತೀನಿ."

ನಿಮ್ಮಪ್ಪ ಫೋನಿನಲ್ಲಿ ಹುಡುಕಿ ಯಾವುದೋ ದೇಶದ ಮನೆ ತೋರಿಸಿದ. ಅಲ್ಲಿ ಸೈಕಲ್ಲುಗಳನ್ನು ಗೋಡೆಗೆ ಅಂಗಿಯ ಹಾಗೆ ತೂಗುಹಾಕಿದ್ದರು. ನಮ್ಮಲ್ಲೂ ಹಾಗೇ ಮಾಡುವುದೆಂದಾಯಿತು. ಪಕ್ಕದ ಮನೆಯ ಮೇಸ್ತ್ರಿಯನ್ನು ಕರೆದರು. ಅವರು ಕಬ್ಬಿಣದ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡು ನಿವೃತ್ತರಾದವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಸುತ್ತಿಗೆ ಕೈಗೆ ಬಂದರೆ ಎರಡೂ. ಅವರು ಏನು ಮಾಡಿದರೂ ಬೇಕಾದ್ದಕ್ಕಿಂತ ಹತ್ತು ಪಟ್ಟು ಗಟ್ಟಿ ಮಾಡುತ್ತಾರೆ. ಅವರ ಮನೆಯ ಟವೆಲ್ ಒಣಗಿಸುವ ಕಂಬಿಗೆ ಎಮ್ಮೆ ಕಟ್ಟಬಹುದು.

ಮೇಸ್ತ್ರಿ ಟೇಪು ಹಿಡಿದು ಓಣಿಯ ಗೋಡೆಯನ್ನು ಮೂರು ಸಲ ಅಳೆದರು. "ನಾಲ್ಕೇ ಕೊಕ್ಕೆ ಸಾರ್. ಐದು ಹಾಕಿದ್ರೆ ಹ್ಯಾಂಡಲ್ಲು ಹ್ಯಾಂಡಲ್ಲು ಜಗಳಕ್ಕೆ ನಿಲ್ತಾವೆ" ಎಂದರು.

"ನಾಲ್ಕು ಸಾಕು" ಎಂದಳು ನಿಮ್ಮಮ್ಮ. "ಅಮ್ಮಿ ಸೈಕಲ್ ಯಾರೂ ಹೊಡಿಯಲ್ಲ. ಹೊಳೆಹೊನ್ನೂರಿಗೆ ನಮ್ಮಣ್ಣನ ಮಗಳಿಗೆ ಕೊಟ್ಬಿಡೋಣ."

ಅಡುಗೆಮನೆಯ ಬಾಗಿಲ ಹಿಂದೆ ಅಕ್ಕಿ ಆರಿಸುತ್ತಿದ್ದ ನನ್ನ ಕೈ ನಿಂತುಹೋಯಿತು. ಏಕೆಂದರೆ ಆ ಸೈಕಲ್ಲನ್ನು ನಾನು ಹೊಡೆಯುತ್ತಿದ್ದೆ.

ನಿಮ್ಮ ತಾತ ಇದ್ದಾಗ ನಾನು ಕ್ಯಾರಿಯರಿನ ಮೇಲೆ ಕೂತವಳು. ಮೂವತ್ತು ವರ್ಷ ಅವರ ಬೆನ್ನು ನೋಡಿಕೊಂಡೇ ಭದ್ರಾವತಿಯ ಬೀದಿಗಳನ್ನೆಲ್ಲ ಸುತ್ತಿದೆ. ಮುಂದಿನ ಸೀಟಿನಿಂದ ರಸ್ತೆ ಹೇಗೆ ಕಾಣುತ್ತದೆಂದು ನೋಡುವ ಆಸೆ ಇತ್ತು. ಕೇಳಲು ನಾಚಿಕೆ. ಅಮ್ಮಿ ಹೋದ ಮೇಲೆ ಅವಳ ಸೈಕಲ್ಲಿನ ಧೂಳು ಒರೆಸುತ್ತ ಒರೆಸುತ್ತ ಒಂದು ಮಧ್ಯಾಹ್ನ ಅದರ ಮೇಲೆ ಕೂತುಬಿಟ್ಟೆ. ನಿಮ್ಮಪ್ಪ ಕೆಲಸಕ್ಕೆ, ನಿಮ್ಮಮ್ಮ ಪಾಠ ಮಾಡಲು, ನೀವು ವ್ಯಾನಿನಲ್ಲಿ ಶಾಲೆಗೆ. ಊಟದ ಹೊತ್ತು ಕಳೆದರೆ ಬೀದಿಯೆಲ್ಲ ಮಲಗಿರುತ್ತದೆ. ಹಿತ್ತಿಲಲ್ಲಿ ನಾನು, ಸೈಕಲ್ಲು, ನಡುವೆ ತುಳಸಿಕಟ್ಟೆ.

ಸೀರೆ ಚೈನಿಗೆ ಸಿಗಬಾರದೆಂದು ಒಳಗೆ ನಿಮ್ಮಪ್ಪನ ನೀಲಿ ಟ್ರ್ಯಾಕ್ ಪ್ಯಾಂಟು ಹಾಕಿಕೊಳ್ಳುತ್ತಿದ್ದೆ. ಅವನು ಅದನ್ನು ಮನೆಯೆಲ್ಲ ಹುಡುಕುತ್ತಿದ್ದ. "ಎಲ್ಲೋ ಇರ್ಬೇಕು ಮಗಾ" ಎನ್ನುತ್ತಿದ್ದೆ. ಸುಳ್ಳಲ್ಲ, ಎಲ್ಲೋ ಇತ್ತು.

ಕಟ್ಟೆಯ ಸುತ್ತ ಹೋಗಬೇಕಾದ್ದರಿಂದ ಪ್ರದಕ್ಷಿಣೆಯಾಗಿಯೇ ಹೋದೆ. ತುಳಸಮ್ಮನನ್ನು ಎಡಕ್ಕೆ ಹಾಕಿಕೊಂಡು ಸುತ್ತುವುದು ಹೇಗೆ? ಮನಸ್ಸು ಬರಲಿಲ್ಲ. ಮೊದಮೊದಲು ದಿನಕ್ಕೆ ಐದು ಸುತ್ತು, ಮೂರು ಸಲ ಬೀಳುವುದು. ಆಮೇಲೆ ಇಪ್ಪತ್ತೊಂದು ಸುತ್ತು, ಒಂದು ಸಲ ಬೀಳುವುದು. ಸೈಕಲ್ಲು ಕಲಿತ ಹಾಗೂ ಆಯಿತು, ಒಂದಿಷ್ಟು ಪುಣ್ಯವೂ ಬಂದಿರಬೇಕು. ಹೀಗಾಗಿ ನನಗೆ ಬಲಕ್ಕೆ ತಿರುಗಲು ಮಾತ್ರ ಬರುತ್ತದೆ. ನಿಲ್ಲಿಸಲು ಬಟ್ಟೆ ಒಣಹಾಕುವ ತಂತಿ ಹಿಡಿದುಕೊಳ್ಳುತ್ತಿದ್ದೆ.

ಆ ಸೈಕಲ್ಲು ಈಗ ಹೊಳೆಹೊನ್ನೂರಿಗೆ ಹೋಗುತ್ತದೆ! ಕೊಡಬೇಡಿ ಎಂದರೆ ಯಾಕೆ ಎನ್ನುತ್ತಾರೆ. ಯಾಕೆಂದು ಹೇಳಿದರೆ ನಾನು ಉಳಿಯುವುದಿಲ್ಲ, ನಾಚಿಕೆಯಿಂದಲೇ ಕರಗಿಹೋಗುತ್ತೇನೆ. ಬಾಗಿಲ ಹಿಂದಿನಿಂದಲೇ ಹೇಳಿದೆ:

"ಗೋಡೆಲಿ ಜಾಗ ಇಲ್ದಿದ್ರೆ ತಲೆ ಮೇಲೆ ಇದ್ಯಲ್ಲ. ನೆಲುವು ಕಟ್ಟಿದ್ರಾಯ್ತು."

ಹೊರಗಿನವರ ಮುಂದೆ ನಾನು ಮಾತಾಡಿದ್ದನ್ನು ನಿಮ್ಮಮ್ಮ ಮದುವೆಯಾದ ಮೇಲೆ ಕೇಳಿದ್ದು ಅದೇ ಮೊದಲು. "ಅತ್ತೇ, ನೀವಾ ಮಾತಾಡಿದ್ದು?" ಎಂದು ಇಣುಕಿದಳು.

ನಮ್ಮ ಹಳ್ಳಿಮನೆಗಳಲ್ಲಿ ಮಜ್ಜಿಗೆ ಗಡಿಗೆ ಬೆಕ್ಕಿಗೆ ಎಟುಕದ ಹಾಗೆ ಸೂರಿನಿಂದ ತೂಗುಹಾಕುತ್ತಿದ್ದ ಹಗ್ಗದ ಹೆಣಿಗೆಯೇ ನೆಲುವು. ಗಡಿಗೆಗೆ ಕಟ್ಟುವುದನ್ನು ಸೈಕಲ್ಲಿಗೆ ಕಟ್ಟಿದರಾಯಿತು, ಮೇಲೊಂದು ಬಾವಿಯ ರಾಟೆ ಹಾಕಿದರೆ ಯಾರು ಬೇಕಾದರೂ ಇಳಿಸಬಹುದು, ಹಿತ್ತಿಲ ಬಾಗಿಲ ಮೇಲೆ ಶೀಟು ಎತ್ತರದಲ್ಲಿದೆ, ಅಲ್ಲೇ ಆಗಬಹುದು ಎಂದೆ. ಹಿತ್ತಿಲ ಬಾಗಿಲೇ ಏಕೆಂದು ಯಾರೂ ಕೇಳಲಿಲ್ಲ.

"ಅಮ್ಮಾ ಇಂಜಿನಿಯರ್!" ಎಂದು ಮೇಸ್ತ್ರಿ ಸುತ್ತಿಗೆ ಎತ್ತಿ ನಮಸ್ಕಾರ ಮಾಡಿದರು.

ನಿಮ್ಮಮ್ಮ ಪೂರ್ತಿ ಸೋಲಲಿಲ್ಲ. "ಸರಿ, ಆಯುಧಪೂಜೆವರೆಗೆ ತೂಗಾಡ್ಲಿ. ಹಬ್ಬ ಆದ್ಮೇಲೆ ಅಣ್ಣ ಬಂದು ತಗೊಂಡ್ಹೋಗ್ತಾನೆ."

ಎರಡು ತಿಂಗಳು ಸಿಕ್ಕಿತು.

ಭಾನುವಾರ ಕೆಲಸ ನಡೆಯಿತು. ಗೋಡೆಯ ಉದ್ದಕ್ಕೂ ದಪ್ಪ ಪೈಪು, ಅದಕ್ಕೆ ಬೆಸುಗೆ ಹಾಕಿದ ನಾಲ್ಕು ಕೊಕ್ಕೆ, ಗಾಲಿಗೆ ಗೀರು ಬೀಳದ ಹಾಗೆ ಕೊಕ್ಕೆಗೆ ಹಳೇ ಟ್ಯೂಬಿನ ತುಂಡು. ನಾನು ಹಳೇ ಸೀರೆಗಳನ್ನು ಸೀಳಿ, ಜಡೆ ಹೆಣೆದು, ನಾಲ್ಕು ಕಾಲಿನ ನೆಲುವು ಮಾಡಿದೆ. ಅಷ್ಟರಲ್ಲಿ ಮೇಸ್ತ್ರಿ ನಿಮ್ಮಪ್ಪನನ್ನು ಕರೆದರು. "ಸಾರ್, ಬನ್ನಿ, ಪೈಪಿಗೆ ಜೋತು ಬೀಳಿ."

"ನಾನ್ಯಾಕೆ?"

"ಲೋಡ್ ಟೆಸ್ಟ್ ಸಾರ್. ಮನೇಲಿರೋದ್ರಲ್ಲಿ ನೀವೇ ಹೆವಿ."

ನಿಮ್ಮಪ್ಪ ಜೋತುಬಿದ್ದ. ಮೇಸ್ತ್ರಿ ಗಡಿಯಾರ ನೋಡುತ್ತ ನಿಂತರು. ಗುಂಡಣ್ಣ ಅಪ್ಪನ ಕಾಲಿಗೆ ಜೋತುಬಿದ್ದ, ಚಿನ್ನಿ ಗುಂಡಣ್ಣನ ಸೊಂಟ ಹಿಡಿದಳು. ಪೈಪು ಅಲುಗಲಿಲ್ಲ. "ಪಾಸ್" ಎಂದರು ಮೇಸ್ತ್ರಿ. ಮರುದಿನ ನಿಮ್ಮಪ್ಪ ತೋಳು ಎತ್ತಲಾರದೆ ತಲೆಯನ್ನು ನಿಮ್ಮಮ್ಮನ ಕೈಯಲ್ಲಿ ಬಾಚಿಸಿಕೊಂಡ.

ಇಷ್ಟಾದ ಮೇಲೆ ಮಧ್ಯಾಹ್ನದ ನನ್ನ ಕೆಲಸ ಒಂದು ಹೆಚ್ಚಾಯಿತು. ಮೊದಲ ದಿನ ಹಗ್ಗ ಬಿಟ್ಟಾಗ ರಾಟೆ ಕಿರ್ರೋ ಎಂದು ಕಿರುಚಿತು. ಮೇಸ್ತ್ರಿ ಕಾಂಪೌಂಡಿನ ಆಚೆಯಿಂದ "ಯಾರಮ್ಮಾ ಅದು, ಹಂದಿಯಾ?" ಎಂದು ಕೂಗಿದರು. ನಾನು ಉಸಿರು ಬಿಗಿಹಿಡಿದು ಹಗ್ಗಕ್ಕೆ ಜೋತು ನಿಂತೆ. ಮರುದಿನ ಸ್ಟೂಲು ಹತ್ತಿ ರಾಟೆಗೆ ಹರಳೆಣ್ಣೆ ಬಿಟ್ಟೆ. ಹೆಚ್ಚಾಯಿತು. ಹಗ್ಗವೆಲ್ಲ ಎಣ್ಣೆಯಾಗಿ, ಕೈ ಜಾರಿ, ಸೈಕಲ್ಲು ಸರ್ರನೆ ಇಳಿದು ಮೂತಿ ಕೆಳಗಾಗಿ ನಿಂತಿತು. ಅಮ್ಮಿ, ನಿನ್ನ ಸೈಕಲ್ಲಿನ ಬುಟ್ಟಿ ಸೊಟ್ಟಗಾಗಿದ್ದು ಕೋತಿಯಿಂದಲ್ಲ. ಕೋತಿ ಎಂದು ಹೇಳಿದವಳು ನಾನು. ಆ ವಾರ ನಿಮ್ಮಪ್ಪ ಕವಣೆ ಹಿಡಿದು ಮಾಳಿಗೆಯ ಮೇಲೆ ಕಾದು ಕೂತಾಗ ಪಾಪ ಅನ್ನಿಸಿತು, ಆದರೂ ಬಾಯಿ ಬಿಡಲಿಲ್ಲ.

ಹಬ್ಬ ಬಂತು. ಐದು ಸೈಕಲ್ಲುಗಳನ್ನೂ ಇಳಿಸಿ, ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಗೇಟಿನ ಮುಂದೆ ಸಾಲಾಗಿ ನಿಲ್ಲಿಸಿದೆವು. ಗೇಟಿಗೆ ಬಾಳೆಕಂದು ಕಟ್ಟಿದ್ದೆವು. ಪ್ರತಿ ಮುಂಚಕ್ರದ ಕೆಳಗೂ ಒಂದೊಂದು ನಿಂಬೆಹಣ್ಣು. ಮಂಗಳಾರತಿಯಾದ ಮೇಲೆ ಅವರವರ ಗಾಡಿ ಅವರವರು ಹತ್ತಿ ನಿಂಬೆಹಣ್ಣು ಅಪ್ಪಚ್ಚಿ ಮಾಡಬೇಕು. ಹೊಳೆಹೊನ್ನೂರಿನಿಂದ ನಿಮ್ಮ ಸೋದರಮಾವ ಮಗಳೊಡನೆ ಗೂಡ್ಸ್ ಆಟೋದಲ್ಲಿ ಬಂದಿದ್ದರು. ಆಟೋದೊಳಗೆ ಸೈಕಲ್ಲಿಗೆಂದು ಗೋಣಿಚೀಲವನ್ನೂ ಹಾಸಿದ್ದರು. ಆ ಗೋಣಿಚೀಲ ನೋಡಿ ನನಗೆ ತಿಂಡಿ ಇಳಿಯಲಿಲ್ಲ.

ಅಮ್ಮಿ ಜ್ವರ ಬಂದು ಸವಳಂಗ ರಸ್ತೆಯಲ್ಲೇ ಮಲಗಿದ್ದಳು. ನಿಮ್ಮಮ್ಮ ಫೋನು ಹಿಡಿದು ಅವಳಿಗೆ ಪೂಜೆ ತೋರಿಸುತ್ತಿದ್ದಳು. ನಿಮ್ಮಪ್ಪ ಕರಿ ಸೈಕಲ್ಲು ಹತ್ತಿಸಿದ, ಆಮೇಲೆ ಗೇರಿನದು. ಗುಂಡಣ್ಣನ ಟಯರಿನಡಿ ನಿಂಬೆಹಣ್ಣು ಪಟಾಕಿಯ ಹಾಗೆ ಸಿಡಿಯಿತು. ಚಿನ್ನಿ ಮೂರೂ ಬೆಲ್ಲು ಹೊಡೆದಳು. ಉಳಿದದ್ದು ನೇರಳೆ ಸೈಕಲ್ಲು.

"ಅತ್ತೆ, ನೀವೇ ಒಂಚೂರು ಹ್ಯಾಂಡಲ್ ಹಿಡ್ಕೊಂಡು ತಳ್ಳಿಬಿಡಿ. ಶಾಸ್ತ್ರ ಮುಗಿಲಿ, ಅಣ್ಣ ಹೊರಡ್ಬೇಕು" ಎಂದಳು ನಿಮ್ಮಮ್ಮ.

ನಾನು ಹ್ಯಾಂಡಲ್ ಹಿಡಿದೆ. ಗೋಣಿಚೀಲ ನೋಡಿದೆ. ಈಗ ತಳ್ಳಿದರೆ ಇದು ಹೋಯಿತು. ಬೆಳಗ್ಗೆ ಹೊಸ ಸೀರೆಯ ಒಳಗೆ ಟ್ರ್ಯಾಕ್ ಪ್ಯಾಂಟು ಏಕೆ ಹಾಕಿಕೊಂಡೆನೆಂದು ನನಗೇ ಗೊತ್ತಿಲ್ಲ. ಹಾಕಿಕೊಂಡಿದ್ದೆ. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ.

"ಅಮ್ಮಾ! ಅದು ನನ್ನ ಪ್ಯಾಂಟು!" ಎಂದು ನಿಮ್ಮಪ್ಪ ಕೂಗಿದ.

ಹತ್ತಿಬಿಟ್ಟೆ. ನಿಂಬೆಹಣ್ಣು ತಪ್ಪಿಹೋಯಿತು. ಸೈಕಲ್ಲು ನಿಲ್ಲಲಿಲ್ಲ, ಹೋಗುತ್ತಲೇ ಇತ್ತು. "ಅಜ್ಜೀ!" ಎಂದು ಅಮ್ಮಿ ಫೋನಿನೊಳಗಿಂದ ಚೀರಿದ್ದು ಕೇಳಿಸಿತು. ಅವಳು ನೋಡಿದ್ದು ನಾನು ಹೋಗುವುದನ್ನಷ್ಟೇ.

ಬೀದಿಯ ಕೊನೆಯಲ್ಲಿ ಬಲಕ್ಕೆ ತಿರುಗಿದೆ, ಬೇರೆ ಗೊತ್ತಿಲ್ಲವಲ್ಲ. ಮುಂದೆ ಹಾಲಿನ ಅಂಗಡಿ, ಮತ್ತೆ ಬಲಕ್ಕೆ. ಹೂವಿನ ಹಾರ ಹಾಕಿಕೊಂಡು ನಿಂತಿದ್ದ ಸಿಟಿ ಬಸ್ಸು, ಅದರ ಡ್ರೈವರು ಹಾರ್ನ್ ಹೊಡೆದು ಸಲಾಮು ಮಾಡಿದ. ಮುಂದಿನ ಸೀಟಿನಿಂದ ರಸ್ತೆ ತುಂಬ ಅಗಲ ಕಾಣುತ್ತದೆ, ಮಕ್ಕಳೇ. ಎದುರಿಗೆ ಯಾರ ಬೆನ್ನೂ ಇರುವುದಿಲ್ಲ. ಒಂದು ಕ್ಷಣ ನಿಮ್ಮ ತಾತನ ಬೆನ್ನು ಇರಬೇಕಿತ್ತು ಅನ್ನಿಸಿತು. ಅಷ್ಟರಲ್ಲಿ ನಾಯಿ ಅಡ್ಡ ಬಂತು, ನೆನಪು ಅಲ್ಲೇ ಬಿಟ್ಟು ಬೆಲ್ಲು ಹೊಡೆದೆ. ಇನ್ನೆರಡು ಬಲ ತಿರುಗಿ ನಮ್ಮ ಬೀದಿಗೆ ಬಂದೆ. ನೀವೆಲ್ಲ ನಾನು ಹೋದ ದಿಕ್ಕಿಗೇ ಬಾಯಿ ಬಿಟ್ಟುಕೊಂಡು ನಿಂತಿದ್ದಿರಿ. ಹಿಂದಿನಿಂದ ಬಂದು ನಿಂಬೆಹಣ್ಣು ಪಚಕ್ಕನೆ ತುಳಿಸಿದೆ. ಇಲ್ಲಿ ಬಟ್ಟೆ ತಂತಿ ಇರಲಿಲ್ಲ. ಬಾಳೆಕಂದು ಹಿಡಿದುಕೊಂಡೆ. ಅದೂ ನಾನೂ ಒಟ್ಟಿಗೆ ಕೆಳಗೆ ಬಂದೆವು.

ಯಾರೂ ನಗಲಿಲ್ಲ. ಆಮೇಲೆ ನಾನು ನಕ್ಕೆ. ಆಮೇಲೆ ಎಲ್ಲರೂ.

"ಎಷ್ಟು ದಿನದಿಂದ, ಮಾರಾಯ್ತಿ?" ಎಂದಳು ನಿಮ್ಮಮ್ಮ. ಅತ್ತೆಗೆ ಮಾರಾಯ್ತಿ ಅಂದೆನೆಂದು ತಾನೇ ನಾಲಿಗೆ ಕಚ್ಚಿಕೊಂಡಳು.

"ಅಕ್ಕಿ ಆರಿಸೋದು ಬೇಗ ಮುಗೀತಿತ್ತು" ಎಂದೆ.

ನಿಮ್ಮಮ್ಮ ಆಟೋದಲ್ಲಿದ್ದ ಗೋಣಿಚೀಲ ನೋಡಿದಳು, ನನ್ನ ನೋಡಿದಳು, ಅಣ್ಣನಿಗೆ ಹೇಳಿದಳು: "ಇದು ಕೊಡಕ್ಕಾಗಲ್ಲ ಕಣೋ. ಇದು ನಮ್ಮತ್ತೆದು." ಆ ಹುಡುಗಿ ಅಷ್ಟಕ್ಕೇ ಕಾಯುತ್ತಿದ್ದಳೇನೋ, "ನಂಗೆ ಗೇರ್ ಇರೋದೇ ಬೇಕಿತ್ತು ಅತ್ತೆ" ಎಂದಳು. ನಿಮ್ಮಪ್ಪನ ಗೇರ್ ಸೈಕಲ್ಲು ಗೋಣಿಚೀಲದ ಮೇಲೆ ಮಲಗಿ ಹೊಳೆಹೊನ್ನೂರಿಗೆ ಹೋಯಿತು. ಹೊಟ್ಟೆ ಇಲ್ಲೇ ಉಳಿಯಿತು.

ಹೀಗೆ ನಾಲ್ಕು ಸೈಕಲ್ಲಿಗೆ ನಾಲ್ಕು ಕೊಕ್ಕೆಯಾಯಿತು. ಮೇಸ್ತ್ರಿ ಬಂದು ಟೇಪಿನಲ್ಲಿ ನನ್ನ ಎತ್ತರ ಅಳೆದು, ನಾಲ್ಕನೆಯ ಕೊಕ್ಕೆಯನ್ನು ನನ್ನ ಭುಜದ ಮಟ್ಟಕ್ಕೆ ಇಳಿಸಿ ಬೆಸೆದರು. ಲೋಡ್ ಟೆಸ್ಟಿಗೆ ನಾನು ಒಪ್ಪಲಿಲ್ಲ. ಖಾಲಿಯಾದ ನೆಲುವಿನಲ್ಲಿ ಈಗ ಬೆಕ್ಕು ಮಲಗುತ್ತದೆ. ಬೆಕ್ಕಿಗೆ ಎಟುಕಬಾರದೆಂದು ನಮ್ಮಜ್ಜಿ ಕಲಿಸಿದ ಹೆಣಿಗೆ ಅದು.

ಎಡಕ್ಕೆ ತಿರುಗುವುದನ್ನು ಚಿನ್ನಿ ಕಲಿಸುತ್ತಿದ್ದಾಳೆ. ಇನ್ನೂ ಬಂದಿಲ್ಲ.

ಈ ಹಾಳೆಗಳನ್ನು ಓದಿಯಾದ ಮೇಲೆ ನನ್ನ ಟ್ರಂಕಿನಲ್ಲಿ, ನೀಲಿ ಪ್ಯಾಂಟಿನ ಮಡಿಕೆಯೊಳಗೆ ಇಟ್ಟುಬಿಡಿ, ಒಂದೂ ಕಳೆಯಬೇಡಿ. ಸೈಕಲ್ಲಿನ ಬುಟ್ಟಿಯಲ್ಲಿ ಮಾತ್ರ ಇಡಬೇಡಿ. ಅದು ಸೊಟ್ಟಗಿದೆ, ಬಲಕ್ಕೆ ತಿರುಗಿದಾಗಲೆಲ್ಲ ಏನಿದ್ದರೂ ಬಿದ್ದುಹೋಗುತ್ತದೆ.